ಕ್ಯಾನ್ಸರ್ ತಡೆಯೋ ಪ್ರೋಟೀನ್ ಜಾಸ್ತಿಯಾಗಲು ಏನು ತಿನ್ನಬೇಕು?

ಜೀವಕೋಶದ ಪಾಠ ಮಾಡುವವಳು ಎಂದು ಗೊತ್ತಾದರೆ ಸಾಕು, ಮದುವೆಮನೆ ಪಂಕ್ತಿಯಲ್ಲೂ ಯಾರಾದರೊಬ್ಬರು ಕೇಳುತ್ತಾರೆ: "ಮೇಡಂ, ಕ್ಯಾನ್ಸರ್ ತಡೆಯೋ ಪ್ರೋಟೀನ್ ನಮ್ಮ ಮೈಯಲ್ಲೇ ಇದೆಯಂತಲ್ಲ, ಅದು ಜಾಸ್ತಿ ಆಗೋಕೆ ಏನು ತಿನ್ನಬೇಕು?"

ತಿಂದು ಬೆಳೆಸಿಕೊಳ್ಳುವಂಥದ್ದಲ್ಲ ಅದು. ಅದಿರಲಿ, ಜಾಸ್ತಿ ಇದ್ದಷ್ಟೂ ಒಳ್ಳೆಯದು ಅನ್ನುವ ಲೆಕ್ಕವೇ ಇಲ್ಲಿ ನಡೆಯುವುದಿಲ್ಲ.

ಅಂಥ ಪ್ರೋಟೀನುಗಳಲ್ಲಿ ಒಂದಾದ, ಕೋಶ ಎರಡಾಗುವುದಕ್ಕೆ ಬ್ರೇಕ್ ಹಾಕುವ ಪಿ16 ಅನ್ನೇ ನೋಡಿ. ಜೀವಕೋಶ ಎರಡಾಗುವ ಮೊದಲು ತನ್ನ ಡಿಎನ್‌ಎ ನಕಲು ಮಾಡಿಕೊಳ್ಳಬೇಕು. ಅದಕ್ಕೆ ಬೇಕಾದ ಜೀನ್‌ಗಳನ್ನು ಚಾಲೂ ಮಾಡುವುದು ಇ2ಎಫ್ ಎಂಬ ಪ್ರೋಟೀನು. ಹೊತ್ತು ಬರುವವರೆಗೆ ಈ ಇ2ಎಫ್ ಅನ್ನು ಹಿಡಿದಿಟ್ಟಿರುವುದು ಆರ್‌ಬಿ ಎಂಬ ಪ್ರೋಟೀನು. ಸಿಡಿಕೆ4, ಸಿಡಿಕೆ6 ಕಿಣ್ವಗಳು ಸೈಕ್ಲಿನ್ ಡಿ ಎಂಬ ಪ್ರೋಟೀನಿನ ಜೊತೆ ಸೇರಿ ಆರ್‌ಬಿಗೆ ಫಾಸ್ಫೇಟ್ ಅಂಟಿಸಿದರೆ ಹಿಡಿತ ಸಡಿಲ, ಕೋಶ ಎರಡಾಗಲು ಹೊರಡುತ್ತದೆ. ಪಿ16 ನೇರ ಆ ಕಿಣ್ವಗಳಿಗೇ ಕಚ್ಚಿಕೊಂಡು ಸೈಕ್ಲಿನ್ ಹತ್ತಿರ ಬರದಂತೆ ಮಾಡುತ್ತದೆ. ಎಷ್ಟೋ ಮೆಲನೋಮಾಗಳಲ್ಲಿ (ಒಂದು ಬಗೆಯ ಚರ್ಮದ ಕ್ಯಾನ್ಸರ್), ಮೇದೋಜೀರಕ ಗ್ರಂಥಿಯ ಗಡ್ಡೆಗಳಲ್ಲಿ ಇದರ ಜೀನೇ ಕಳೆದುಹೋಗಿರುತ್ತದೆ.

ಇಷ್ಟು ಕೇಳಿದವರಿಗೆ ಪಿ16 ಹೆಚ್ಚಿದ್ದರೆ ನಿಶ್ಚಿಂತೆ ಅನ್ನಿಸುವುದು ಸಹಜ. ಆದರೆ ಎಚ್‌ಪಿವಿ ಎಂಬ ವೈರಸ್ಸಿನಿಂದ ಬಂದ ಗರ್ಭಕಂಠದ ಕ್ಯಾನ್ಸರ್‌ನ ಬಯಾಪ್ಸಿ ಸ್ಲೈಡಿಗೆ ಪಿ16 ಬಣ್ಣ ಹಾಕಿ ನೋಡಿದರೆ ಗಡ್ಡೆಯ ಕೋಶಗಳೆಲ್ಲ ಗಾಢ ಕಂದು. ಪಕ್ಕದ ಆರೋಗ್ಯವಂತ ಪದರ ಬಹುಪಾಲು ಬರೀ ತಿಳಿನೀಲಿ! ವೈರಸ್ಸಿನ ಇ7 ಪ್ರೋಟೀನು ಆರ್‌ಬಿಯನ್ನೇ ಹಾಳುಗೆಡವಿರುತ್ತದೆ. ಆರ್‌ಬಿ ಹೋದಾಗ ಪಿ16 ಏರುತ್ತದೆ, ಏರಿ ಪ್ರಯೋಜನವಿಲ್ಲ. ಕೇಬಲ್ ಕಿತ್ತುಹೋದ ಬ್ರೇಕನ್ನು ಎಷ್ಟು ಒತ್ತಿದರೇನು? ಪೆಥಾಲಜಿಸ್ಟರು ಆ ಕಂದು ಬಣ್ಣವನ್ನು ಎಚ್‌ಪಿವಿಯ ಸುಳಿವೆಂದೇ ಓದುತ್ತಾರೆ.

ಪಿ16ರ ಕೆಲಸ ಮಾಡುವ ಮಾತ್ರೆಯೂ ಇದೆ. 2015ರಲ್ಲಿ ಅಮೆರಿಕದಲ್ಲಿ ಒಂದು ಬಗೆಯ ಸ್ತನ ಕ್ಯಾನ್ಸರ್‌ಗೆ ಒಪ್ಪಿಗೆ ಪಡೆದ ಪಾಲ್ಬೊಸಿಕ್ಲಿಬ್ ಅದೇ ಸಿಡಿಕೆ4, ಸಿಡಿಕೆ6 ಅನ್ನು ತಡೆಯುತ್ತದೆ. ಆರ್‌ಬಿ ಕಳೆದುಕೊಂಡ ಗಡ್ಡೆ ಅದಕ್ಕೆ ಬಗ್ಗದು. ಜೊತೆಗೆ ಮೂಳೆಮಜ್ಜೆಯ ಕೋಶಗಳೂ ನಿಂತು ಬಿಳಿ ರಕ್ತಕಣ ಇಳಿಯುತ್ತವೆ. ಅದಕ್ಕೇ ಮೂರು ವಾರ ನುಂಗಿ ಒಂದು ವಾರ ಬಿಡಿಸುತ್ತಾರೆ. ತಡೆ ಜಾಸ್ತಿಯಾದರೆ ಮೈ ತೆರುವ ಬೆಲೆ ಇದು.

ಹಾಗಾಗಿ ಏನು ತಿನ್ನಲಿ ಅಂದವರನ್ನು ನಾನು ತಿರುಗಿ ಕೇಳುವುದು ಒಂದೇ: ಮನೆಯಲ್ಲಿ ಒಂಬತ್ತರಿಂದ ಹದಿನಾಲ್ಕರ ಹುಡುಗಿಯರಿದ್ದಾರಾ, ಎಚ್‌ಪಿವಿ ಲಸಿಕೆ ಹಾಕಿಸಿದಿರಾ?