ಅರಿಶಿನ-ಕುಂಕುಮಕ್ಕೆ ಬಂದ ಕಣ, ಒಂದು ಹಳೇ ರವಿಕೆ, ಒಂದು ಬ್ರೌನ್ ಶೀಟು

ಬೀರು ತೆಗೆದರೆ ಸೀರೆಗಿಂತ ಬ್ಲೌಸ್ ಪೀಸುಗಳೇ ಹೆಚ್ಚು ಕಾಣುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ವರಮಹಾಲಕ್ಷ್ಮಿ, ಗೌರಿ ಬಾಗಿನ, ಗೊಂಬೆ ಆರತಿ, ಸೀಮಂತ, ಗೃಹಪ್ರವೇಶ ಹೀಗೆ ಎಲ್ಲಿ ಹೋದರೂ ಎಲೆ-ಅಡಿಕೆಯ ಜೊತೆ ಒಂದು ಕಣ ಕೈಗೆ ಬರುತ್ತದೆ. ಅವುಗಳಲ್ಲಿ ಕೆಲವು ಹೊಲಿಯುವುದಕ್ಕೆಂದು ಬಂದವೇ ಅಲ್ಲ, ಒಂದು ಮನೆಯಿಂದ ಇನ್ನೊಂದು ಮನೆಗೆ ತಿರುಗುವುದಷ್ಟೇ ಅವುಗಳ ಕೆಲಸ. ಮಿಕ್ಕವು ಮನೆಯಲ್ಲೇ ಕೂತು ಹೊಲಿದುಕೊಳ್ಳಲು ಚೆನ್ನಾಗಿರುತ್ತವೆ. ಆದರೆ ಅಂಗಡಿಯಲ್ಲಿ ಬೇಕಾದಷ್ಟು ಮೀಟರ್ ಹರಿಸಿ ತಂದ ಬಟ್ಟೆಯ ಹಾಗಲ್ಲ ಇದು. ಇಲ್ಲಿ ಬಟ್ಟೆ ಮೊದಲೇ ಇದೆ, ಅಳತೆಯೂ ಗೊತ್ತು. ತೋಳು ಎಷ್ಟುದ್ದ ಬರಬೇಕು ಅನ್ನುವುದನ್ನು ಬಟ್ಟೆಯೇ ತೀರ್ಮಾನಿಸುತ್ತದೆ.

ಮೊದಲ ಕೆಲಸ, ಇರುವುದು ಯಾವ ಬಟ್ಟೆ ಅಂತ ತಿಳಿಯುವುದು. ಅಂಚಿನಿಂದ ನಾಲ್ಕೈದು ಎಳೆ ಬಿಡಿಸಿ, ಇಕ್ಕಳದಲ್ಲಿ ಹಿಡಿದು, ಸಿಂಕಿನ ಮೇಲೆ ಸುಟ್ಟು ನೋಡಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಮೆತ್ತಗಿನ ಬೂದಿ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ, ಬೆರಳಲ್ಲಿ ತಿಕ್ಕಿದರೆ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಹಾಸು ಒಂದು ನೂಲು, ಹೊಕ್ಕು ಇನ್ನೊಂದು ಇರುವ ಬಟ್ಟೆಗಳೂ ಉಂಟು, ಆದ್ದರಿಂದ ಉದ್ದದ ಎಳೆ, ಅಡ್ಡದ ಎಳೆ ಎರಡನ್ನೂ ಬೇರೆ ಬೇರೆಯಾಗಿ ಸುಡಿ.

ಆಮೇಲೆ ಕಿಟಕಿಯ ಬೆಳಕಿಗೆ ಹಿಡಿಯಿರಿ. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿದ್ದ ರೇಷ್ಮೆ ಆ ಗೆರೆಯಲ್ಲೇ ಸೀಳುತ್ತದೆ. ಮಡಿಕೆಯ ಎರಡೂ ಬದಿ ಹಿಡಿದು ಹೆಬ್ಬೆರಳುಗಳಿಂದ ಹೊರಗೆ ಒತ್ತಿದಾಗ ಎಳೆ ಸರಿದರೆ, ಆ ಗೆರೆ ಬೆನ್ನಿಗೂ ಕಂಕುಳಿಗೂ ಬರದಂತೆ ಕತ್ತರಿಸಬೇಕು. ಗಂಜಿ ಹಾಕಿ ಎತ್ತಿಟ್ಟ ಹತ್ತಿಯಲ್ಲಿ ಹುಳ ತಿಂದ ಸಣ್ಣ ತೂತುಗಳಿರಬಹುದು. ಸುತ್ತ ಚಾಕ್‌ನಲ್ಲಿ ಗುರುತು ಹಾಕಿ.

ಬಣ್ಣ ಬಿಡುತ್ತದೋ ಅಂತ ತಿಳಿಯಲು ಒದ್ದೆ ಬಿಳಿ ಬಟ್ಟೆಯಿಂದ ಮೂಲೆಯನ್ನು ಉಜ್ಜಿದರೆ ಸಾಕು. ಹತ್ತಿಯನ್ನು ಕತ್ತರಿಸುವ ಮೊದಲೇ ರಾತ್ರಿಯಿಡೀ ನೀರಲ್ಲಿ ನೆನೆಸಿ, ಹಿಂಡದೆ ನೆರಳಲ್ಲಿ ಒಣಗಿಸಿ, ಇಸ್ತ್ರಿ ಮಾಡಿ. ರೇಷ್ಮೆಯನ್ನು ನೆನೆಸಬೇಡಿ. ಆದರೆ ಅದರ ಒಳಗೆ ಹಾಕುವ ಹತ್ತಿ ಲೈನಿಂಗನ್ನು ಖಂಡಿತ ನೆನೆಸಬೇಕು. ಹೊಸ ರವಿಕೆ ಮೊದಲ ಒಗೆತಕ್ಕೇ ಒಳಗಿನಿಂದ ಸುಕ್ಕಾಗಿ ಹಿಡಿದುಕೊಳ್ಳುವುದಕ್ಕೆ ಹೆಚ್ಚಿನ ಸಲ ಕಾರಣ ಇದೇ: ಲೈನಿಂಗ್ ಕುಗ್ಗಿದೆ, ಮೇಲಿನ ಬಟ್ಟೆ ಕುಗ್ಗಿಲ್ಲ.

ಇನ್ನು ಪ್ಯಾಟರ್ನ್, ಅಂದರೆ ಬಟ್ಟೆ ಕತ್ತರಿಸಲು ಇಟ್ಟುಕೊಳ್ಳುವ ಕಾಗದದ ಅಚ್ಚು. ಎದೆಯ ಅಳತೆ ಭಾಗಿಸು ನಾಲ್ಕು, ಕೂಡಿಸು ಇಷ್ಟು, ಕಳೆ ಅಷ್ಟು ಎನ್ನುವ ಲೆಕ್ಕದ ಡ್ರಾಫ್ಟಿಂಗ್ ಕಲಿಯುವುದು ಒಳ್ಳೆಯದೇ. ಆದರೆ ಮೊದಲ ಸಲಕ್ಕೆ ಅದಕ್ಕಿಂತ ನಂಬಿಕೆಯದ್ದು, ಮೈಗೆ ಸರಿಯಾಗಿ ಕೂರುತ್ತಿದ್ದು ಈಗ ಸವೆದುಹೋದ ಒಂದು ಹಳೇ ರವಿಕೆ. ಬಲಭಾಗದ ಹೊಲಿಗೆಗಳನ್ನು ಮಾತ್ರ ಬಿಚ್ಚಿ. ಎಡಭಾಗ ಹಾಗೇ ಇರಲಿ, ಯಾವ ಪಟ್ಟಿ ಎಲ್ಲಿ ಸೇರುತ್ತದೆ ಅಂತ ನೋಡಿಕೊಳ್ಳಲು ಬೇಕಾಗುತ್ತದೆ. ಬಿಚ್ಚುವ ಮೊದಲು ಟಕ್ಸಿನ (ಎದೆಯ ಆಕಾರ ಬರಲೆಂದು ಬಟ್ಟೆಯನ್ನು ಚೂಪಾಗಿ ಮಡಚಿ ಹಾಕಿದ ಹೊಲಿಗೆಯ) ತುದಿಗಳಿಗೆ ಪೆನ್ನಲ್ಲಿ ಚುಕ್ಕೆ ಇಡಿ. ಬಿಚ್ಚಿದ ತುಂಡುಗಳನ್ನು ಎಳೆಯದೆ, ಇಸ್ತ್ರಿಪೆಟ್ಟಿಗೆಯನ್ನು ಮೇಲಿಂದ ಒತ್ತಿ ಎತ್ತುತ್ತಾ ನೇರ ಮಾಡಿ, ಬ್ರೌನ್ ಶೀಟಿನ ಮೇಲೆ ಇಟ್ಟು ಗೆರೆ ಎಳೆಯಿರಿ. ನ್ಯೂಸ್‌ಪೇಪರ್ ಬೇಡ, ಶಾಯಿ ತಿಳಿ ಬಣ್ಣದ ಬಟ್ಟೆಗೆ ಹತ್ತುತ್ತದೆ. ಪ್ರತಿ ತುಂಡಿನ ಮೇಲೂ ಉದ್ದನೂಲಿನ ದಿಕ್ಕಿಗೆ ಬಾಣದ ಗುರುತು ಹಾಕಿ.

ಹಳೇ ರವಿಕೆಯಲ್ಲಿ ಕತ್ತು, ಕಂಕುಳಿನ ಸುತ್ತು ಎಳೆದೆಳೆದು ದೊಡ್ಡದಾಗಿರುತ್ತದೆ. ಅದಕ್ಕೆ ಒಂದು ಪರೀಕ್ಷೆ ಇದೆ. ಟೇಪನ್ನು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ, ಹೊಲಿಗೆ ಬೀಳುವ ಗೆರೆಯ ಮೇಲೆಯೇ, ಮುಂದಿನ ಮತ್ತು ಹಿಂದಿನ ಕಂಕುಳಿನ ಬಾಗನ್ನು ಅಳೆದು ಕೂಡಿಸಿ. ಹಾಗೆಯೇ ತೋಳಿನ ಮೇಲ್ಭಾಗದ ಬಾಗನ್ನೂ ಅಳೆಯಿರಿ. ತೋಳಿನದು ಅರ್ಧದಿಂದ ಮುಕ್ಕಾಲು ಇಂಚು ಹೆಚ್ಚಿರಬೇಕು. ಅದಕ್ಕಿಂತ ಹೆಚ್ಚಿದ್ದರೆ ಭುಜದ ಮೇಲೆ ನೆರಿಗೆ ಬೀಳುತ್ತದೆ, ಕಡಿಮೆಯಿದ್ದರೆ ಬಸ್ಸಿನ ಕಂಬಿ ಹಿಡಿಯಲು ಕೈ ಎತ್ತಿದಾಗ ರವಿಕೆ ಪೂರ್ತಿ ಮೇಲೆ ಬರುತ್ತದೆ.

ಹೊಲಿಗೆಗೆಂದು ಗೆರೆಯ ಹೊರಗೆ ಬಿಡುವ ಮಾರ್ಜಿನ್ ಹೀಗೆ: ಭುಜಕ್ಕೆ ಅರ್ಧ ಇಂಚು, ಕತ್ತಿಗೆ ಕಾಲು, ಪಕ್ಕಕ್ಕೆ ಒಂದೂವರೆ, ತೋಳಿನ ಕೆಳಗೆ ಒಂದೂಕಾಲು.

ಈಗ ಕತ್ತರಿಸುವ ಲೆಕ್ಕ, ಬಟ್ಟೆ ಹಾಳಾಗುವುದೇ ಇಲ್ಲಿ. ಉದಾಹರಣೆಗೆ 80 ಸೆಂ.ಮೀ. ಉದ್ದ, 36 ಇಂಚು ಪನ್ನದ (ಅಗಲದ) ಕಣ ತೆಗೆದುಕೊಳ್ಳೋಣ. 80 ಸೆಂ.ಮೀ. ಅಂದರೆ 31½ ಇಂಚು. ಎದೆ ಸುತ್ತಳತೆ 36, ಉದ್ದ 14, ಮುಂದೆ ಕೆಳಗೆ ಬೇರೆ ಪಟ್ಟಿ ಬರುವ ನಾಲ್ಕು ಟಕ್ಸಿನ ರವಿಕೆ. ಬೆನ್ನಿನ ತುಂಡು ಬಿಡಿಸಿದಾಗ ಮಾರ್ಜಿನ್ ಸೇರಿ 21 ಇಂಚು ಅಗಲ, 16 ಉದ್ದ. ಬಟ್ಟೆಯನ್ನು ಸರಿ ಅರ್ಧಕ್ಕೆ ಮಡಚುವ ಅಭ್ಯಾಸ ಬಿಡಿ, ಒಂದು ಅಂಚನ್ನು ಮಾತ್ರ 10½ ಇಂಚು ಒಳಗೆ ಮಡಚಿ ಬೆನ್ನು ಕತ್ತರಿಸಿ. ಪಕ್ಕದಲ್ಲಿ 15 ಇಂಚು ಅಗಲದ ಜಾಗ ಉಳಿಯುತ್ತದೆ. 6 ಇಂಚಿನ ತೋಳಾದರೆ ಮಾರ್ಜಿನ್ ಸೇರಿ 7¾ ಆಗುತ್ತದೆ, ಒಂದರ ಕೆಳಗೊಂದು ಎರಡೂ ಅಲ್ಲೇ ಹಿಡಿಯುತ್ತವೆ. ಕೆಳಗಿನ 15½ ಇಂಚಿನಲ್ಲಿ ಮುಂಭಾಗದ ಎರಡು ತುಂಡು, ತಲಾ 11½ ಅಗಲ. ಮೂಲೆಯಲ್ಲಿ ಉಳಿದ 13 ಇಂಚಿನಲ್ಲಿ ಕ್ರಾಸ್ ಪಟ್ಟಿ (ಮುಂದೆ ಕೆಳಗೆ ಬರುವ ಪಟ್ಟಿ), ಹುಕ್ಕಿನ ಪಟ್ಟಿ.

ತೋಳು 10 ಇಂಚು ಬೇಕು ಅಂದಿರೋ, ಈ ಬಟ್ಟೆಯಲ್ಲಿ ಆಗುವುದಿಲ್ಲ. ಎರಡು ತೋಳಿಗೇ 23½ ಇಂಚು ಉದ್ದ ಹೋಗುತ್ತದೆ, ಕೆಳಗೆ ಮುಂಭಾಗಕ್ಕೆ ಜಾಗವಿಲ್ಲ. ಅದಕ್ಕೆ ಪೂರ್ತಿ ಒಂದು ಮೀಟರ್ ಕಣವೇ ಬೇಕು. ತುಂಡು ಸೇರಿಸಿ ಹೊಲಿಯುತ್ತೇನೆ ಎನ್ನುವವರು ಜೋಡಣೆಯನ್ನು ಕಂಕುಳ ಕೆಳಗೆ ಹಾಕಿ, ತೋಳಿನ ನಡುವೆ ಬೇಡ.

ಗುಳೇದಗುಡ್ಡದ ಖಣದ ಲೆಕ್ಕ ಬೇರೆ. ಪನ್ನ ಕಿರಿದು, ಎರಡೂ ಕಡೆ ಅಂಚು. ಆ ಅಂಚು ತೋಳಿನ ತುದಿಗೆ ಬಂದರೇ ಚೆಂದ, ಹಾಗಾಗಿ ತೋಳನ್ನು ಅಡ್ಡ ತಿರುಗಿಸಿ ಕತ್ತರಿಸಬೇಕಾಗುತ್ತದೆ. ತೊಂದರೆಯಿಲ್ಲ, ಆದರೆ ಎರಡೂ ತೋಳು ಒಂದೇ ದಿಕ್ಕಿಗಿರಲಿ. ಒಂದು ನೇರ ಒಂದು ಅಡ್ಡ ಆದರೆ ನೇಯ್ಗೆಯ ಹೊಳಪು ಬೇರೆ ಬೇರೆ ಕಾಣುತ್ತದೆ. ಖಣದ ಕತ್ತರಿಸಿದ ಅಂಚು ಬೇಗ ಎಳೆ ಬಿಡುತ್ತದೆ. ಕತ್ತರಿಸಿದ ಕೂಡಲೇ ಲೈನಿಂಗಿಗೆ ಸೇರಿಸಿ, ಅಂಚಿನಿಂದ ಕಾಲು ಇಂಚಿನೊಳಗೆ ಸುತ್ತಲೂ ಒಂದು ಹೊಲಿಗೆ ಓಡಿಸಿಬಿಡಿ.

ಒಳ್ಳೆಯ ಕಣಕ್ಕೆ ಕತ್ತರಿ ಹಾಕುವ ಮೊದಲು ಹಳೇ ಪಂಚೆಯಲ್ಲೋ ಬೆಡ್‌ಶೀಟಿನಲ್ಲೋ ಒಂದು ಮಾದರಿ ಹೊಲಿದು ತೊಟ್ಟು ನೋಡಿ. ಮುಂದೆ ಕಂಕುಳ ಹತ್ತಿರ ಬಟ್ಟೆ ಗುಡ್ಡೆಯಾದರೆ ಮುಂಭಾಗದ ಬಾಗನ್ನು ಹಿಂಭಾಗಕ್ಕಿಂತ ಕಾಲು ಇಂಚಿನಿಂದ ಅರ್ಧ ಇಂಚು ಹೆಚ್ಚು ಒಳಗೆ ತೆಗೆಯಬೇಕು. ಸರಿಪಡಿಸಿದ್ದನ್ನೆಲ್ಲ ಅವತ್ತೇ ಬ್ರೌನ್ ಶೀಟಿಗೂ ದಾಟಿಸಿ.

ಟಕ್ಸ್ ಎದೆಯ ತುದಿಗೆ ಮುಕ್ಕಾಲು ಇಂಚು ಮೊದಲೇ ನಿಲ್ಲಬೇಕು. ಅಲ್ಲಿ ಹಿಂದೆ-ಮುಂದೆ ಹೊಲಿದು ಗಟ್ಟಿ ಮಾಡಲು ಹೋದರೆ ಹೊರಗೆ ಗುಳ್ಳೆ ಕಾಣುತ್ತದೆ. ದಾರ ಬಿಟ್ಟು ಕೈಯಲ್ಲೇ ಗಂಟು ಹಾಕಿ. ಕತ್ತಿನ ಪಟ್ಟಿ ಒಂದೂಕಾಲು ಇಂಚು ಅಗಲ, ಕಡ್ಡಾಯವಾಗಿ ಕ್ರಾಸ್ ಆಗಿರಬೇಕು, ಅಂದರೆ ನೂಲಿಗೆ ಓರೆಯಾಗಿ ಕತ್ತರಿಸಿದ್ದಾಗಿರಬೇಕು. ಪಟ್ಟಿಯನ್ನು ತುಸು ಎಳೆದು, ಕತ್ತನ್ನು ಎಳೆಯದೆ ಹೊಲಿಯಿರಿ. ನೇರ ಪಟ್ಟಿ ಹಾಕಿದರೆ ಕತ್ತು ತಟ್ಟೆಯ ಅಂಚಿನಂತೆ ಎದ್ದು ನಿಲ್ಲುತ್ತದೆ.

ಮಷಿನ್ನಿಗೆ ಹತ್ತಿಯಾದರೆ 14ನೇ ನಂಬರ್ ಸೂಜಿ, ತೆಳು ರೇಷ್ಮೆಗೆ 11. ಬಟ್ಟೆಯ ಅಡಿಯಲ್ಲಿ ದಾರ ಗುಂಪುಗುಂಪಾಗಿ ಸಿಕ್ಕಿಕೊಂಡರೆ ಎಲ್ಲರೂ ಮೊದಲು ಬಾಬಿನ್ ಸ್ಕ್ರೂ ತಿರುಗಿಸುತ್ತಾರೆ. ಅದನ್ನು ಮುಟ್ಟಬೇಡಿ. ಸಾಮಾನ್ಯವಾಗಿ ತಪ್ಪಿರುವುದು ಮೇಲಿನ ದಾರ: ಪ್ರೆಸ್ಸರ್ ಫುಟ್ (ಬಟ್ಟೆಯನ್ನು ಒತ್ತಿ ಹಿಡಿಯುವ ಕಾಲು) ಕೆಳಗಿರುವಾಗ ದಾರ ಹಾಕಿದರೆ ದಾರವನ್ನು ಬಿಗಿ ಹಿಡಿಯುವ ಟೆನ್ಷನ್ ಬಿಲ್ಲೆಗಳು ಮುಚ್ಚಿಕೊಂಡಿದ್ದು, ದಾರ ಅವುಗಳ ನಡುವೆ ಇಳಿಯುವುದೇ ಇಲ್ಲ. ಫುಟ್ ಎತ್ತಿ, ದಾರವನ್ನು ಪೂರ್ತಿ ತೆಗೆದು, ಮತ್ತೆ ಹಾಕಿ.

ಪಕ್ಕದ ಹೊಲಿಗೆ ಕೊನೆಗೆ. ಮೊದಲು ದೊಡ್ಡ ಹೊಲಿಗೆಯಲ್ಲಿ ಹೊಲಿದು, ತೊಟ್ಟು, ಕೂತು ಎದ್ದು ನೋಡಿ. ಸರಿಯಿದ್ದರೆ ಅದರ ಮೇಲೆಯೇ ಸಣ್ಣ ಹೊಲಿಗೆ, ಅದರ ಹೊರಗೆ ಅರ್ಧರ್ಧ ಇಂಚಿಗೆ ಇನ್ನೆರಡು ಸಾಲು. ಮುಂದೆ ಬಿಗಿಯಾದಾಗ ಒಳಗಿನ ಒಂದು ಸಾಲು ಬಿಚ್ಚಿದರೆ ಎರಡೂ ಪಕ್ಕ ಸೇರಿ ಎರಡು ಇಂಚು ಸಿಗುತ್ತದೆ.