ದೊಡ್ಡಮ್ಮನ ಸುದ್ದಿಯನ್ನು ನಾಲ್ಕು ಕಡೆ ಹೇಳಿದ್ದು

18 ಜನವರಿ 2025, ಶನಿವಾರ
ಮೈಸೂರು

ಮಾಗಡಿ ಕಡೆಯ ನಮ್ಮೂರಿನಲ್ಲಿ ದೊಡ್ಡಮ್ಮನ ಹಾಲುತುಪ್ಪ ಮುಗಿಸಿಕೊಂಡು ನಿನ್ನೆ ರಾತ್ರಿ ಹಿಂತಿರುಗಿದೆವು. ಸಂಕ್ರಾಂತಿಯ ಮರುದಿನ ಬೆಳಗಿನ ಜಾವ ಅವರು ತೀರಿಕೊಂಡಾಗಿನಿಂದ ಆ ಸುದ್ದಿಯನ್ನು ನಾನು ನಾಲ್ಕು ಕಡೆ ಹಂಚಿಕೊಂಡಿದ್ದೇನೆ. ಇಂದು ನಾಲ್ಕನ್ನೂ ಒಟ್ಟಿಗೆ ಓದಿದಾಗ, ಹೋದ ಜೀವ ಒಂದೇ, ಬರೆದವಳೂ ಒಬ್ಬಳೇ ಎಂದು ನಂಬುವುದೇ ಕಷ್ಟವಾಯಿತು.

ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ ಎರಡು ಸಾಲು ಸಾಕಾಯಿತು: ದೊಡ್ಡಮ್ಮ ಹೋದರು, ಮಧ್ಯಾಹ್ನ ತೋಟದಲ್ಲಿ ಮಣ್ಣು. ಮೊದಲು ಉತ್ತರಿಸಿದವರು ‘ಓಂ ಶಾಂತಿ’ ಎಂದರು, ಉಳಿದವರೆಲ್ಲ ಅದನ್ನೇ ಬರೆದು ಕೈಮುಗಿದರು. ಅವರನ್ನು ನಾನು ದೂರುವುದಿಲ್ಲ. ಎಲ್ಲ ನೆಂಟರೂ ನೋಡುತ್ತಿರುವ ಜಾಗದಲ್ಲಿ ಸುಮ್ಮನಿದ್ದರೆ ತಪ್ಪಾಗುತ್ತದೆ, ಬೇರೇನಾದರೂ ಹೇಳಲು ಹೋದರೆ ಸಂಕೋಚವಾಗುತ್ತದೆ.

ಟ್ವಿಟರ್, ಅಂದರೆ ಈಗಿನ ಎಕ್ಸ್, ನನ್ನ ಮಾತನ್ನೇ ಬದಲಿಸಿತು. ಎಸ್‌ಎಂಎಸ್‌ನ 160 ಅಕ್ಷರಗಳ ಮಿತಿಗೆ ಹೊಂದುವಂತೆ 140ಕ್ಕೆ ಕಟ್ಟಿಕೊಂಡಿದ್ದ ಆ ಜಾಗ 2017ರಲ್ಲಿ 280ಕ್ಕೆ ಹಿಗ್ಗಿತು. ಆದರೆ ಅಲ್ಲಿ ನಡೆಯುವುದು ನಮ್ಮ ಅಕ್ಷರಗಳ ಎಣಿಕೆಯಲ್ಲ. ಗುಣಿತದ ಚಿಹ್ನೆ, ಅನುಸ್ವಾರ, ಒತ್ತಕ್ಷರವನ್ನು ಬೆಸೆಯುವ ಹಲಂತ, ಒಂದೊಂದಕ್ಕೂ ಪ್ರತ್ಯೇಕ ಲೆಕ್ಕ. ಹಾಗಾಗಿ ನಾವು ಮೂರೇ ಅಕ್ಷರ ಎಂದು ಓದುವ ‘ಸ್ವಾತಂತ್ರ್ಯ’ ಅಲ್ಲಿ ಹನ್ನೊಂದಾಗುತ್ತದೆ. ‘ಸ್ವಾತಂತ್ರ್ಯ ಬಂದ ವರ್ಷ ಹುಟ್ಟಿದೋಳು ಕಣೇ ನಾನು’ ಎಂದು ದೊಡ್ಡಮ್ಮ ಸೆರಗು ಸರಿಪಡಿಸಿಕೊಳ್ಳುತ್ತಾ ಹೆಮ್ಮೆಯಿಂದ ಹೇಳುತ್ತಿದ್ದ ಮಾತನ್ನು, ಜಾಗ ಸಾಲದೆ, ‘1947ರಲ್ಲಿ ಜನನ’ ಎಂದು ಮಾಡಿಬಿಟ್ಟೆ. ಅದು ಕಚೇರಿಯ ಕಡತಕ್ಕೆ ಸಲ್ಲುವ ಮಾತು, ದೊಡ್ಡಮ್ಮನದಲ್ಲ.

ಫೇಸ್‌ಬುಕ್‌ನಲ್ಲಿ ಜಾಗಕ್ಕೆ ಬರವಿರಲಿಲ್ಲ. ಆದರೆ 2016ರಿಂದ ಅಲ್ಲಿ ಮೆಚ್ಚುಗೆಯ ಹೆಬ್ಬೆರಳಿನ ಜೊತೆಗೆ ಕಣ್ಣೀರಿನ ಮುಖವೂ ಇದೆ. ಆ ಮುಖವನ್ನು ಎಷ್ಟು ಜನ ಒತ್ತಿದರೆಂಬುದು ಕಣ್ಣಿಗೆ ಬೀಳುತ್ತಿದ್ದಂತೆ, ಓದುವವರು ಅಳಲೆಂದೇ ಒಂದು ವಾಕ್ಯವನ್ನು ಸೇರಿಸಿದೆ. ಹತ್ತು ನಿಮಿಷದ ನಂತರ ನಾಚಿಕೆಯಾಗಿ ಅಳಿಸಿದೆ.

ಹೆಚ್ಚು ನೋವಾಗಿರುವುದು ಇನ್‌ಸ್ಟಾಗ್ರಾಂ ಸ್ಟೋರಿಯ ಬಗ್ಗೆ. ಹೋದ ವರ್ಷ ಮೊಬೈಲನ್ನು ಅಡ್ಡ ಹಿಡಿದು ತೆಗೆದಿದ್ದ ಚಿತ್ರ ಅದು: ಜಗಲಿಯ ನಡುವೆ ಅವರೆಕಾಯಿ ಸುಲಿಯುತ್ತಿರುವ ದೊಡ್ಡಮ್ಮ, ಎಡಗಡೆ ಮಂಕರಿ, ಬಲಗಡೆ ಅವರೊಂದಿಗೇ ಸುಲಿಯುತ್ತಾ ಮಾತಾಡುತ್ತಿರುವ ಪಕ್ಕದ ಮನೆಯ ಅಜ್ಜಿ. ಸ್ಟೋರಿಯ ಚೌಕಟ್ಟು ಉದ್ದುದ್ದ ಇರುವುದರಿಂದ ಪೂರ್ತಿ ಚಿತ್ರವನ್ನು ಇಟ್ಟರೆ ಮುಖಗಳು ಕಾಣದಷ್ಟು ಚಿಕ್ಕದಾಗುತ್ತಿದ್ದವು. ಹಿಗ್ಗಿಸಿದೆ. ಮಂಕರಿ ಹೋಯಿತು, ಅಜ್ಜಿಯೂ ಹೋದರು, ಯಾರ ಕಡೆಗೋ ತಿರುಗಿ ನಗುತ್ತಿರುವ ದೊಡ್ಡಮ್ಮ ಒಬ್ಬರೇ ಉಳಿದರು. ಅದಕ್ಕೊಂದು ಸಂಗೀತವನ್ನೂ ಹಚ್ಚಿದೆ. 24 ಗಂಟೆ ಕಳೆದ ಮೇಲೆ ಅದು ತಾನಾಗಿಯೇ ಮರೆಯಾಯಿತು.

ಇಂದು ಮಧ್ಯಾಹ್ನ ಅದೇ ಅಜ್ಜಿಯಿಂದ, ಅವರ ಮೊಮ್ಮಗನ ವಾಟ್ಸ್‌ಆ್ಯಪ್ ಮೂಲಕ, ಎರಡು ನಿಮಿಷದ ಧ್ವನಿ ಸಂದೇಶ ಬಂದಿತು. ಅವರಿಗೆ ಓದು ಬರಹ ಬಾರದು, ಆದ್ದರಿಂದ ಮೇಲಿನ ನಾಲ್ಕು ಕಡೆಯೂ ನಾನು ಅವರಿಗೆ ಏನನ್ನೂ ಹೇಳಿದಂತಾಗಿರಲಿಲ್ಲ. ಹಿಂದೆ ಕೋಳಿ ಕೂಗುತ್ತಿತ್ತು, ನಡುನಡುವೆ ಅವರು ಮಾತು ನಿಲ್ಲಿಸಿ ಉಸಿರೆಳೆದುಕೊಳ್ಳುತ್ತಿದ್ದರು. ಹಬ್ಬದ ರಾತ್ರಿ ದೊಡ್ಡಮ್ಮ ನಾಳೆಗೆಂದು ಅವರೆಕಾಳು ನೆನೆಹಾಕಿ ಮಲಗಿದ್ದರಂತೆ. ಮಣ್ಣು ಮಾಡಿ ಬಂದು ನೋಡಿದರೆ ಕಾಳು ಪಾತ್ರೆಯಲ್ಲಿ ಹಾಗೆಯೇ ಊದಿಕೊಂಡು ಕೂತಿತ್ತಂತೆ.

‘ಚೆಲ್ಲಕ್ಕೆ ಮನಸ್ಸು ಬರ್ಲಿಲ್ಲ ಕಣವ್ವ, ನಾನೇ ತಗೊಂಡೋಗಿ ಹಿತುಕ್ದೆ’ ಎಂದರು.