ನಮ್ಮನೆ ಫಿಯೆಟ್ಟಿಗೆ ಡಿಸೆಂಬರ್ ಗಡುವು

ಹೋದ ದೀಪಾವಳಿ ಆದ್ಮೇಲೆ ತಿಪಟೂರಿಂದ ಒಂದು ಫಿಯೆಟ್ ತಂದೆ. ಆರ್‌ಸೀಲಿ ಇರೋ ಹೆಸ್ರು ಪ್ರೀಮಿಯರ್ ಪದ್ಮಿನಿ, 1986ರ ಮಾಡೆಲ್ಲು, ಆದ್ರೆ ನಮ್ ಕಡೆ ಅದನ್ನ ಪದ್ಮಿನಿ ಅಂತ ಕರೆಯೋರ್ನ ನಾನಂತೂ ನೋಡಿಲ್ಲ, ಎಲ್ರಿಗೂ ಅದು ಫಿಯೆಟ್ಟೇ. ಕೊಬ್ಬರಿ ವ್ಯಾಪಾರದ ಮನೆಯೋರ್ದು, ಯಜಮಾನ್ರು 2021ರಲ್ಲಿ ಎಫ್‌ಸಿ, ಅಂದ್ರೆ ಗಾಡಿ ಓಡೋಕೆ ಸರಿಯಾಗಿದೆ ಅನ್ನೋ ಸರ್ಟಿಫಿಕೇಟು, ಮಾಡ್ಸಿ ರಿಜಿಸ್ಟ್ರೇಷನ್ ರಿನ್ಯೂ ಮಾಡಿಸ್ಕೊಂಡ್ ಬಂದೋರು ಆಮೇಲೆ ಕೆಲವೇ ತಿಂಗಳಲ್ಲಿ ತೀರ್ಕೊಂಡ್ರಂತೆ, ಅವತ್ತಿಂದ ಗಾಡಿ ಗೋಡೌನ್ ಪಕ್ಕದ ಶೆಡ್ಡಲ್ಲಿ ನಿಂತಲ್ಲೇ ನಿಂತಿತ್ತು. 38,000ಕ್ಕೆ ಮಾತಾಯ್ತು, ತುಮಕೂರಿಗೆ ಎಳ್ಕೊಂಡ್ ಬರೋಕೆ 4,500.

ನಾನು ಸೊಸೈಟೀಲಿ ಕ್ಲರ್ಕು. ಮನೆ ಖರ್ಚು, ಮಗಳ ಫೀಸು ಎಲ್ಲಾ ಕಳೆದು ತಿಂಗಳಿಗೆ ಏಳು ಸಾವಿರ ಈ ಗಾಡಿಗೆ ಅಂತ ಎತ್ತಿಡ್ಬೋದು, ಅದಕ್ಕಿಂತ ಒಂದ್ ರೂಪಾಯಿ ಜಾಸ್ತಿ ಇಲ್ಲ. ಅಷ್ಟರಲ್ಲೇ ಮಾಡ್ತಿದೀನಿ, ಹೆಂಗೆ ಅಂತ ತುಂಬಾ ಜನ ಕೇಳಿದ್ದಕ್ಕೆ ಇದನ್ನ ಬರೀತಿರೋದು.

ಮೊದ್ಲು ಕಾಗದದ ವಿಷ್ಯ ಹೇಳ್ಬಿಡ್ತೀನಿ, ಯಾಕಂದ್ರೆ ಕಮ್ಮಿ ದುಡ್ಡಿರೋರು ಅಲ್ಲೇ ಮುಗ್ಗರಿಸೋದು. ಸ್ವಂತ ಬಳಕೆ ಕಾರಿಗೆ ರಿಜಿಸ್ಟ್ರೇಷನ್ 15 ವರ್ಷ, ಅದಾದ್ಮೇಲೆ ಐದೈದು ವರ್ಷಕ್ಕೊಮ್ಮೆ ಗಾಡಿ ತೋರ್ಸಿ ರಿನ್ಯೂ ಮಾಡಿಸ್ಬೇಕು, ಗ್ರೀನ್ ಟ್ಯಾಕ್ಸ್ ಬೇರೆ. 20 ವರ್ಷ ದಾಟಿದ ಕಾರಿನ ರಿನ್ಯೂವಲ್ ಫೀಸು 2025ರಲ್ಲಿ 10,000 ಆಯ್ತು. ತಡ ಮಾಡಿದ್ರೆ ತಿಂಗಳ ಲೆಕ್ಕದಲ್ಲಿ ದಂಡ. ತಿಪಟೂರಿನ ಗಾಡಿಗಿಂತ ಮುಂಚೆ ಇನ್ನೊಂದ್ ನೋಡಿದ್ದೆ, 20,000ಕ್ಕೇ ಕೊಡ್ತಿದ್ರು, ಬಣ್ಣ ಇದಕ್ಕಿಂತ ಚೆನ್ನಾಗಿತ್ತು, ಆದ್ರೆ ಆರ್‌ಸಿ ಲ್ಯಾಪ್ಸ್ ಆಗಿ ಎಷ್ಟೋ ವರ್ಷ ಆಗಿತ್ತು, ಓನರ್ ಹೆಸ್ರಲ್ಲಿರೋರು ಊರಲ್ಲೇ ಇಲ್ಲ. ಬಿಟ್ಟು ಬಂದೆ. ಈ ಗಾಡಿ ಆರ್‌ಸಿ 2026ರ ಡಿಸೆಂಬರ್ ತನಕ ಇದೆ, ತೀರ್ಕೊಂಡವ್ರ ಮಗ ಬಂದು ಎಲ್ಲಾದಕ್ಕೂ ಸೈನ್ ಹಾಕಿಕೊಟ್ರು. 18,000 ಜಾಸ್ತಿ ಕೊಟ್ಟಿದ್ದು ಈ ಕಾಗದಕ್ಕೇ, ಅದರ ಬಗ್ಗೆ ಒಂದಿನಾನೂ ಬೇಜಾರಾಗಿಲ್ಲ.

ಹಂಗಾಗಿ ನನಗೊಂದು ಗಡುವು ಇದೆ. ಡಿಸೆಂಬರ್ ಒಳಗೆ ಗಾಡಿ ತಾನೇ ಓಡ್ಕೊಂಡು ಆರ್‌ಟಿಓ ಆಫೀಸಿಗೆ ಹೋಗ್ಬೇಕು, ಅಲ್ಲಿ ನಿಲ್ಲು ಅಂದ್ರೆ ನಿಲ್ಬೇಕು. ಮಾಡೋ ಕೆಲಸದ ಸಾಲು ಕೂಡ ಇದರಿಂದಾನೇ ಸಿಕ್ತು: ನಿಲ್ಲೋದು, ಮುರೀದೆ ಇರೋದು, ಓಡೋದು, ಕೊನೇಲಿ ಚಂದ ಕಾಣೋದು.

ಆದ್ರೆ ಇದು ಹೊಳೆಯೋಕೆ ಮುಂಚೆ ಒಂದ್ ತಪ್ಪು ಮಾಡ್ದೆ. ಗಾಡಿ ಬಂದ ಮೊದಲ್ನೇ ವಾರಾನೇ ಬೆಂಗಳೂರಿಗೆ ಹೋಗಿ ಜೆಸಿ ರೋಡಲ್ಲಿ ಅಂಗಡಿ ಅಂಗಡಿ ಸುತ್ತಿ ಒಂದು ಕ್ರೋಮ್ ಬಂಪರ್ರು, ಒಂದ್ ಸೆಟ್ ಸೀಟ್ ಕವರ್ರು ತಂದ್ಬಿಟ್ಟೆ, 6,500. ಅದು ಇವತ್ತಿಗೂ ಅಟ್ಟದ ಮೇಲೆ ಗೋಣಿಚೀಲದಲ್ಲಿದೆ. ಆ ತಿಂಗಳು ಬ್ರೇಕಿಗೆ ದುಡ್ಡಿಲ್ಲದೆ ಸುಮ್ನೆ ಕೂತೆ. ನೀವೂ ಶುರು ಮಾಡ್ತಿದ್ರೆ ಹೊಳಿಯೋ ಸಾಮಾನನ್ನ ಮೊದ್ಲು ಕೊಳ್ಬೇಡಿ, ದಯವಿಟ್ಟು.

ಈಗ ತುಕ್ಕಿನ ವಿಷ್ಯಕ್ಕೆ ಬರ್ತೀನಿ, ಇದನ್ನ ಸ್ವಲ್ಪ ಉದ್ದಾನೇ ಹೇಳ್ಬೇಕು. ಅಂಬಾಸಿಡರ್ರು, ಫಿಯೆಟ್ಟು ಈ ಎರಡೂ ಗಾಡೀಲಿ ಲಾರಿ ಜೀಪಿಗಿರೋ ಥರ ಬೇರೆ ಚಾಸಿ, ಅಂದ್ರೆ ಕೆಳಗೆ ಭಾರ ಹೊರೋ ಚೌಕಟ್ಟು, ಇಲ್ಲ. ಬಾಡೀನೇ ಚಾಸಿ. ಕಾಲಿಡೋ ಫ್ಲೋರು, ಬಾಗಿಲ ಕೆಳಗಿನ ರನ್ನಿಂಗ್ ಬೋರ್ಡು, ಜಾಕಿ ಕೊಡೋ ಜಾಗ, ಇವೆಲ್ಲಾ ಸೇರಿ ಗಾಡೀನ ಹೊರೋದು. ಅದಕ್ಕೇ ಫ್ಲೋರಲ್ಲಿ ತೂತು ಅಂದ್ರೆ ಬರೀ ನೀರು ಬರತ್ತೆ ಅಂತಲ್ಲ, ಬೆನ್ನುಮೂಳೆ ಸವೆದಂಗೆ.

ನೋಡೋಕೆ ಹೋಗುವಾಗ ಜೇಬಲ್ಲಿ ಒಂದ್ ಮ್ಯಾಗ್ನೆಟ್ ಇಟ್ಕೊಂಡಿದ್ದೆ, ಫ್ರಿಜ್ಜಿಗೆ ಅಂಟಿಸ್ತೀವಲ್ಲ ಅದೇ, ಬಣ್ಣ ಗೀಚ್ಬಾರ್ದು ಅಂತ ಬಟ್ಟೆ ಸುತ್ತಿ. ಬಾಡಿ ಮೇಲೆ ಆಡ್ಸ್ಕೊಂಡ್ ಹೋದ್ರೆ ತಗಡಿರೋ ಕಡೆ ಎಳಿಯತ್ತೆ, ತುಕ್ಕು ಮುಚ್ಚೋಕೆ ಪುಟ್ಟಿ ಮೆತ್ತಿರೋ ಕಡೆ ಬಿದ್ದೋಗತ್ತೆ. ಹಿಂದಿನ ಚಕ್ರದ ಕಮಾನಿನ ಹತ್ರ ಬಿತ್ತು, ಎಡಗಡೆ ಎರಡೂ ಬಾಗಿಲಿನ ಕೆಳ ಅಂಚಲ್ಲಿ ಬಿತ್ತು. ಆಮೇಲೆ ರಬ್ಬರ್ ಮ್ಯಾಟ್ ಎತ್ತಿ ಸ್ಕ್ರೂಡ್ರೈವರಲ್ಲಿ ಮೆಲ್ಲಗೆ ಒತ್ತಿ ನೋಡ್ದೆ, ಡ್ರೈವರ್ ಕಡೆ ಗಟ್ಟಿ, ಎಡಗಡೆ ಹಪ್ಪಳದ ಥರ ಒಳಗೆ ಹೋಯ್ತು. ಡಿಕ್ಕೀಲಿ ಸ್ಟೆಪ್ನಿ ಕೆಳಗೆ, ಬ್ಯಾಟ್ರಿ ಟ್ರೇ ಕೆಳಗೆ ಕೂಡ ನೋಡ್ಲೇಬೇಕು. ಬಾಗಿಲಿನ ಕೆಳಗೆ ನೀರು ಹೋಗೋಕೆ ಅಂತ ಸಣ್ಣ ತೂತುಗಳು ಇರ್ತಾವೆ, ಅವು ಮಣ್ಣಲ್ಲಿ ಮುಚ್ಚೋಗಿ ಮಳೆ ನೀರು ಒಳಗೇ ನಿಂತು ಬಾಗಿಲು ಒಳಗಿಂದ ಕೊಳೆಯೋದು, ಹೊರಗೆ ಬಣ್ಣ ಉಬ್ಬಿ ನಮಗೆ ಕಾಣೋ ಹೊತ್ತಿಗೆ ಒಳಗೆ ಮುಗ್ದಿರತ್ತೆ. ಒಂದ್ ಸೈಕಲ್ ಕಡ್ಡೀಲಿ ಆ ತೂತು ಬಿಡಿಸಿ, ಖರ್ಚಿಲ್ಲದ ಕೆಲಸ, ಇವತ್ತೇ ಮಾಡಿ.

ಟಿಂಕರಿಂಗ್, ಅಂದ್ರೆ ಬಾಡಿ ತಗಡಿನ ಕೆಲಸ, ಮಾಡ್ತಿರೋ ಭಾಯ್ ನಲವತ್ ವರ್ಷದಿಂದ ಇದೇ ಕೆಲಸದಲ್ಲಿದಾರೆ. ನಾನು ಆಸೆ ತಡೀಲಾರ್ದೆ "ಎರಡೂ ಕಡೆ ರನ್ನಿಂಗ್ ಬೋರ್ಡ್ ಒಟ್ಟಿಗೇ ಬಿಚ್ಬಿಡೋಣ ಭಾಯ್" ಅಂದೆ. ಅವ್ರು ಗಾಡಿ ಮೇಲೆ ಕೈ ಇಟ್ಟು "ಎರಡೂ ಕತ್ತರಿಸಿದ್ರೆ ಗಾಡಿ ನಡು ಬಗ್ಗತ್ತೆ ಸಾರ್, ಆಮೇಲೆ ಬಾಗ್ಲು ಜನ್ಮದಲ್ಲಿ ಕೂರಲ್ಲ" ಅಂದ್ರು. ಒಂದ್ ಕಡೆ ಮುಗಿಸಿ ಇನ್ನೊಂದ್ ಕಡೆ. ಕತ್ತರಿಸೋಕೆ ಮುಂಚೆ ಬಾಗಿಲ ಚೌಕಟ್ಟಿಗೆ ಒಳಗಿಂದ ಒಂದ್ ಪೈಪನ್ನ ಅಡ್ಡ ವೆಲ್ಡ್ ಮಾಡಿ ಬಿಗಿ ಮಾಡಿದ್ರು, ಕೆಲಸ ಆದ್ಮೇಲೆ ಅದನ್ನ ಕಿತ್ರು. ಆರ್ಕ್ ವೆಲ್ಡಿಂಗ್ ಬೇಡ ಅಂದ್ರು, ತೆಳು ತಗಡು ಸುಟ್ಟು ತೂತಾಗತ್ತೆ, ಸಿಒಟು ವೆಲ್ಡಿಂಗಲ್ಲಿ ಚುಕ್ಕೆ ಚುಕ್ಕೆಯಾಗಿ ಕೂರಿಸ್ಕೊಂಡು ಹೋದ್ರು, ಒಂದೇ ಕಡೆ ಎಳೆದ್ರೆ ಬಿಸಿಗೆ ಶೀಟು ಸೊಟ್ಟಗಾಗತ್ತಂತೆ. ಎಡಗಡೆ ಫ್ಲೋರು, ರನ್ನಿಂಗ್ ಬೋರ್ಡು ಸೇರಿ 14,000 ಆಯ್ತು. ತುಕ್ಕು ಕೆರೆಯೋದು, ರೆಡ್ ಆಕ್ಸೈಡ್ ಹೊಡಿಯೋದು ಎಲ್ಲಾ ನಾನೇ ಭಾನುವಾರ ಕೂತು ಮಾಡಿದ್ದಕ್ಕೆ ಅಷ್ಟರಲ್ಲಿ ಮುಗೀತು. ದುಡ್ಡಿಲ್ಲದೋರ ಹತ್ರ ಇರೋದು ಟೈಮ್ ಒಂದೇ, ವೈರ್ ಬ್ರಷ್ಷಲ್ಲಿ ಉಜ್ಜೋ ಕೆಲಸಕ್ಕೆ ಕೂಲಿ ಕೊಡ್ಬೇಡಿ.

ಒಂದ್ ಮಾತು ಗಟ್ಟಿಯಾಗಿ ಹೇಳ್ತೀನಿ. ಪೆಟ್ರೋಲ್ ಟ್ಯಾಂಕ್ ತೂತಾಗಿದೆ ಅಂತ ಯಾರಾದ್ರೂ ಅದಕ್ಕೆ ಹಂಗೇ ವೆಲ್ಡ್ ಮಾಡ್ತೀನಿ ಅಂದ್ರೆ ಬಿಡ್ಬೇಡಿ, ಖಾಲಿ ಟ್ಯಾಂಕಲ್ಲಿ ಉಳಿದ ಪೆಟ್ರೋಲ್ ಆವಿಗೆ ಕಿಡಿ ತಾಗಿದ್ರೆ ಸಿಡಿಯತ್ತೆ. ಬಾಡಿ ವೆಲ್ಡಿಂಗ್ ಮಾಡುವಾಗ್ಲೂ ಟ್ಯಾಂಕ್ ಬಿಚ್ಚಿ ದೂರ ಇಟ್ಟು, ಬ್ಯಾಟ್ರಿ ತೆಗೆದು, ಪಕ್ಕದಲ್ಲಿ ನೀರು, ಮರಳು ಇಟ್ಕೊಳ್ಳಿ.

ಬ್ರೇಕ್ ನಾಲ್ಕೂ ಚಕ್ರಕ್ಕೆ ಡ್ರಮ್ಮೇ. ನನ್ ಗಾಡೀಲಿರೋದು ಒಂದೇ ಲೈನು, ಅಂದ್ರೆ ಎಲ್ಲಾದ್ರೂ ಒಂದ್ ಪೈಪ್ ಸೋರಿದ್ರೆ ನಾಲ್ಕೂ ಚಕ್ರದ ಬ್ರೇಕ್ ಹೋಯ್ತು ಅಂತ. ಅದಕ್ಕೇ ಇಲ್ಲಿ ಉಳಿಸೋಕೆ ಹೋಗ್ಲಿಲ್ಲ. ಮಾಸ್ಟರ್ ಸಿಲಿಂಡರ್ ಕಿಟ್ಟು, ವೀಲ್ ಸಿಲಿಂಡರ್‌ಗಳು, ಬ್ರೇಕ್ ಹೋಸು ಎಲ್ಲಾ ಹೊಸದು, ಹಳೇ ಶೂಗೆ ಹೊಸ ಲೈನರ್ ಹೊಡ್ಸಿದ್ದು, ಡ್ರಮ್ಮನ್ನ ಲೇತಲ್ಲಿ ಕೊಟ್ಟು ಸವರಿಸಿದ್ದು, ಒಟ್ಟು 9,800. ಒಂದ್ ಅಂಗಡೀಲಿ "ಕಂಪನಿ ಓಲ್ಡ್ ಸ್ಟಾಕ್ ಸಾರ್, ಒರಿಜಿನಲ್" ಅಂತ ಬ್ರೇಕ್ ರಬ್ಬರ್ ಕೊಟ್ರು, ಉಗುರಲ್ಲಿ ಒತ್ತಿದ್ರೆ ಬಿರುಕು. ಲೋಹದ ಪಾರ್ಟ್ಸ್ ಆದ್ರೆ ಹಳೇ ಸ್ಟಾಕ್ ಬಂಗಾರ, ರಬ್ಬರ್ ಆದ್ರೆ ಪ್ಯಾಕೆಟ್ ಒಡೀದೆ ಇದ್ರೂ ವಯಸ್ಸಾಗಿರತ್ತೆ, ಹೊಸದಾಗಿ ಮಾಡಿದ್ದನ್ನೇ ತಗೊಳ್ಳಿ.

ಪಾರ್ಟ್ಸ್ ಹುಡುಕೋದು ಅಂದ್ರೆ ಈ ಗಾಡಿ ಒಂದ್ ವರ. 1964ರಲ್ಲಿ ಫಿಯೆಟ್ 1100 ಡಿಲೈಟ್ ಅಂತ ಬಂದಿದ್ದೇ 1970ರ ದಶಕದಲ್ಲಿ ಪದ್ಮಿನಿ ಅಂತ ಹೆಸ್ರು ಬದ್ಲಾಯಿಸ್ಕೊಂಡು 2000ದ ಹತ್ರದ ತನಕ ಬಂತು, 1089 ಸಿಸಿ ಎಂಜಿನ್ನು, ಒಂದ್ ಕಾಲಕ್ಕೆ ಬಾಂಬೆ ಟ್ಯಾಕ್ಸಿಗಳಲ್ಲಿ ಬಹುಪಾಲು ಇದೇ, ಅಲ್ಲಿ ರಸ್ತೆಯಿಂದ ಕೊನೇ ಪದ್ಮಿನಿ ಟ್ಯಾಕ್ಸಿ ಹೋಗಿದ್ದು 2023ರ ಅಕ್ಟೋಬರಲ್ಲಿ. ಅಷ್ಟು ವರ್ಷ ಅಷ್ಟು ಗಾಡಿ ಓಡಿದ್ರಿಂದ ಸಾಮಾನು ಇನ್ನೂ ಸಿಗ್ತಾ ಇದೆ. ಹೊಸದಕ್ಕೆ ಜೆಸಿ ರೋಡು, ಹಳೇದಕ್ಕೆ ಶಿವಾಜಿನಗರದ ಗುಜರಿ, ಅಲ್ಲೂ ಇಲ್ಲ ಅಂದ್ರೆ ಚೆನ್ನೈನ ಪುದುಪೇಟೆ. ಬಿಚ್ಚಿದ ಹಳೇ ಪಾರ್ಟನ್ನ ಕೈಲಿ ಹಿಡ್ಕೊಂಡೇ ಹೋಗಿ, ಬಾಯಲ್ಲಿ ಹೇಳಿ ತಂದಿದ್ದು ಎರಡ್ ಸಲ ಕೂರ್ಲಿಲ್ಲ.

ಈ ಗಾಡಿ ಮೇಲೆ ನನಗೆ ಇನ್ನೊಂದ್ ಕಾರಣಕ್ಕೂ ಪ್ರೀತಿ. ನಮ್ ದೇಶದಲ್ಲೇ ಕಾರ್ ಫ್ಯಾಕ್ಟರಿ ಆಗ್ಬೇಕು ಅಂತ 1930ರ ದಶಕದಲ್ಲೇ ಯೋಜನೆ ಹಾಕ್ಕೊಂಡು ಓಡಾಡಿದೋರು ನಮ್ ವಿಶ್ವೇಶ್ವರಯ್ಯನವರು, ಅವ್ರ ಜೊತೆ ನಿಂತೋರು ಉದ್ಯಮಿ ವಾಲ್‌ಚಂದ್ ಹೀರಾಚಂದ್. ಬ್ರಿಟಿಷ್ ಸರ್ಕಾರದ ಬೆಂಬಲ ಸಿಗ್ಲಿಲ್ಲ. ಕೊನೆಗೆ ವಾಲ್‌ಚಂದ್ 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಕಟ್ಟಿದ್ರು, ಫ್ಯಾಕ್ಟರಿ ಬಾಂಬೆಯ ಕುರ್ಲಾದಲ್ಲಿ ಎದ್ದಿತು. ಬಾನೆಟ್ ಎತ್ತಿದಾಗೆಲ್ಲಾ ಆ ಮುದ್ದೇನಹಳ್ಳಿಯ ಹಿರಿಯರು ನೆನಪಾಗ್ತಾರೆ.

ಎಂಜಿನ್ ಕತೆ ಚಿಕ್ಕದು. ನಾಲ್ಕು ವರ್ಷ ನಿಂತಿದ್ದನ್ನ ಸೀದಾ ಸೆಲ್ಫ್ ಹೊಡೀಬಾರ್ದು, ಒಣಗಿದ ರಿಂಗು ಸಿಲಿಂಡರನ್ನ ಗೀರತ್ತೆ. ಪ್ಲಗ್ ನಾಲ್ಕೂ ಬಿಚ್ಚಿ ಒಂದೊಂದ್ ಸಿಲಿಂಡರೊಳಗೆ ಎರಡೆರಡು ಚಮಚ ಎಂಜಿನ್ ಆಯಿಲ್ ಬಿಟ್ಟು ಮೂರ್ ದಿನ ಬಿಟ್ವಿ. ಆಮೇಲೆ ನಾಲ್ಕನೇ ಗೇರಿಗೆ ಹಾಕಿ ನಾನು, ನನ್ ಭಾವ ಇಬ್ರೂ ಸೇರಿ ಹಿಂದೆ ಮುಂದೆ ತಳ್ಳಿದ್ವಿ, ಮೂರ್ನೇ ಸಲಕ್ಕೆ ಎಂಜಿನ್ ಮೆತ್ತಗೆ ತಿರುಗ್ತು. ಆ ಕ್ಷಣ ಭಾವ ಕೂಗಿದ್ದು ಪಕ್ಕದ ಬೀದಿಗೂ ಕೇಳ್ಸಿರತ್ತೆ. ಹೊಸ ಆಯಿಲ್ ಹಾಕಿ, ಪ್ಲಗ್ಗಿಗೆ ಕಿಡಿ ಬರೋ ಹಂಗೆ ಮಾಡೋ ಪಾಯಿಂಟನ್ನ ಎಮರಿ ಪೇಪರಲ್ಲಿ ಉಜ್ಜಿ, ಟ್ಯಾಂಕಿನ ಕೊಳಕು ಬರ್ಬಾರ್ದು ಅಂತ ಒಂದ್ ಸಣ್ಣ ಕ್ಯಾನಿಂದ ಪೈಪ್ ಕೊಟ್ಟು ಪೆಟ್ರೋಲ್ ಬಿಟ್ಟೆ. ಕೆಮ್ಮಿ ಕೆಮ್ಮಿ ಹತ್ಕೊಳ್ತು. ಟ್ಯಾಂಕ್ ಒಳಗೆ ನಟ್ಟು, ಬೋಲ್ಟು, ತುಂಡು ಚೈನು ಹಾಕಿ ಕುಲುಕಿ ತೊಳೆದಿದ್ದೀವಿ, ಪೆಟ್ರೋಲ್ ಪೈಪು, ಪಂಪಿನ ಡಯಾಫ್ರಾಮು ಹೊಸದು, 3,200. ಈಗ ಬಂಕಲ್ಲಿ ಸಿಗೋದು 20 ಪರ್ಸೆಂಟ್ ಎಥನಾಲ್ ಬೆರೆಸಿದ ಪೆಟ್ರೋಲು, ಆ ಕಾಲದ ರಬ್ಬರ್ ಪೈಪು ಅದಕ್ಕೆ ಊದ್ಕೊಂಡು ಮೆತ್ತಗಾಗತ್ತೆ, ಬಿಸಿ ಎಂಜಿನ್ ಪಕ್ಕ ಪೆಟ್ರೋಲ್ ಸೋರಿದ್ರೆ ಏನಾಗತ್ತೆ ಅಂತ ಹೇಳ್ಬೇಕಿಲ್ಲ, ಇದನ್ನೂ ಮುಂದಕ್ಕೆ ಹಾಕ್ಬೇಡಿ.

ಇಲ್ಲೀವರೆಗೆ ಒಟ್ಟು 76,000, ಅಟ್ಟದ ಮೇಲಿರೋ ಬಂಪರ್ ಸೇರಿ. ಬಲಗಡೆ ರನ್ನಿಂಗ್ ಬೋರ್ಡ್ ಬಾಕಿ ಇದೆ, ವೈರಿಂಗ್ ಬಾಕಿ ಇದೆ, ಟೈರ್ ನಾಲ್ಕೂ ಬಾಕಿ. ಬಣ್ಣದ ಬಗ್ಗೆ ಮುಂದಿನ್ ವರ್ಷ ನೋಡೋಣ, ಎಫ್‌ಸಿ ಆಗ್ಲಿ. ಹೋದ ಭಾನುವಾರ ಬ್ರೇಕ್ ಪೈಪೊಳಗೆ ಸೇರಿದ್ದ ಗಾಳಿ ತೆಗೆದು ಅಂಗಳದಿಂದ ಗೇಟಿನ ತನಕ ಓಡ್ಸ್ದೆ, ಇಪ್ಪತ್ ಅಡಿ ಇರ್ಬೋದು ಅಷ್ಟೇ, ಗೇಟ್ ಹತ್ರ ಕಾಲಿಟ್ಟ ತಕ್ಷಣ ನಾಲ್ಕೂ ಚಕ್ರ ಹಿಡ್ಕೊಂಡು ನಿಂತ್ತು. ಮಗಳು ಹಿಂದಿನ ಸೀಟಲ್ಲಿ ಕೂತಿದ್ಲು, ಇನ್ನೊಂದ್ ಸಲ ಅಂದ್ಲು, ಹಿಂದಕ್ಕೆ ತಗೊಂಡೆ.

ಎಡಗಡೆ ಮುಂದಿನ ಬಾಗಿಲಿನ ತ್ರಿಕೋನದ ಗಾಜಿನ ಹಿಡಿ ಮುರಿದಿದೆ, ಎಲ್ಲೂ ಸಿಕ್ತಿಲ್ಲ. ನಿಮ್ಮನೆ ಹಿತ್ತಲಲ್ಲೋ ಪರಿಚಯದ ಗ್ಯಾರೇಜಲ್ಲೋ ಹಳೇ ಫಿಯೆಟ್ ಬಾಗಿಲು ಬಿದ್ದಿದ್ರೆ ಹೇಳಿ, ತುಮಕೂರಿಂದ ನಾನೇ ಬಂದು ಬಿಚ್ಕೊಂಡ್ ಹೋಗ್ತೀನಿ.